ವಕೀಲರ ಮೊಳ

ಹೂವನ್ನು ಮೊಳದ ಲೆಕ್ಕದಲ್ಲಿ ಮಾರುವವರಿಗೆ ದೇವರು ಗಿಡ್ಡ ಕೈ ಕೊಡಬೇಕು. ಮುನಿಗಂಗಮ್ಮನಿಗೆ ಹಾಗೇ ಕೊಟ್ಟಿದ್ದ. ಹಲಸೂರಿನ ಸೋಮೇಶ್ವರ ದೇವಸ್ಥಾನದ ಬೀದಿಯಲ್ಲಿ ಮೂವತ್ತು ವರ್ಷದಿಂದ ಮಲ್ಲಿಗೆ ಮಾರುತ್ತಿದ್ದ ಆಕೆಯ ಮೊಳವೆಂದರೆ, ಮೊಣಕೈಯಿಂದ ಹೊರಟು ಬೆರಳ ತುದಿ ಮುಟ್ಟುವ ಮೊದಲೇ ದಣಿದು ನಿಂತುಬಿಡುವ ಮೊಳ. ಆಕೆಯ ಮಗ ಅಂಜನಮೂರ್ತಿಗೆ ಮಾತ್ರ ಭಗವಂತ ಕೊಕ್ಕರೆಯ ಕಾಲಿನಂಥ ಕೈ ಕೊಟ್ಟಿದ್ದ. ಅವನ ಲೀಲೆ ಅವನಿಗೇ ಗೊತ್ತು, ಜೊತೆಗೆ ವಕೀಲಿ ಸನ್ನದನ್ನೂ ಕರುಣಿಸಿದ್ದ.

ಸನ್ನದು ಎಂದರೆ, ಇಂಥವನ ಹೆಸರು ವಕೀಲರ ಪಟ್ಟಿಗೆ ಸೇರಿದೆ ಎಂದು ಬರೆದ ಒಂದು ಕಾಗದ. ಮುನಿಗಂಗಮ್ಮ ಅದಕ್ಕೆ ಕಟ್ಟು ಹಾಕಿಸಿ ಸೋಮೇಶ್ವರನ ಪಟಕ್ಕೂ ಮುನೇಶ್ವರನ ಪಟಕ್ಕೂ ನಡುವೆ ತೂಗುಹಾಕಿದ್ದಳು. ದೀಪ ಹಚ್ಚಿದಾಗ ಮೂವರಿಗೂ ಕೈಮುಗಿಯುತ್ತಿದ್ದಳು. ಮೂವರಲ್ಲಿ ಯಾರೂ ಎರಡು ವರ್ಷವಾದರೂ ಅಂಜನಮೂರ್ತಿಗೆ ಒಂದು ಕೇಸು ಕೊಡಿಸಿರಲಿಲ್ಲ. ಆದರೂ ಅವನು ದಿನವೂ ಕರೀ ಕೋಟು ತೊಟ್ಟು, ಕುತ್ತಿಗೆಗೆ ಬಿಳಿ ಪಟ್ಟಿ ಕಟ್ಟಿ, ಮೇಯೋ ಹಾಲ್‌ನ ಕೋರ್ಟಿಗೆ ಹೋಗಿ ಕಂಬಕ್ಕೊರಗಿ ನಿಲ್ಲುತ್ತಿದ್ದ, ಇನ್ನೂ ಶುರುವೇ ಆಗದ ಬಸ್ಸಿಗೆ ಕಾಯುವವನ ಹಾಗೆ.

ತೊಂಬತ್ತೆಂಟನೇ ಇಸವಿಯ ವರಮಹಾಲಕ್ಷ್ಮಿ ಹಬ್ಬದ ಬೆಳಿಗ್ಗೆ ಅವನು ಹಾಗೆ ಹೊರಟಾಗ ತಾಯಿ ತಡೆದಳು.

"ಮೂರ್ತಿ, ತಾವರೆ ಮೊಗ್ಗು ಮುಗಿದೋಯ್ತು ಕಣಪ್ಪ. ರಸೆಲ್ ಮಾರ್ಕೆಟ್‌ಗೆ ಓಡೋಗಿ ತಂದ್ಬಿಡ್ತೀನಿ. ಅಲ್ಲೀವರ್ಗೂ ಬುಟ್ಟಿ ಹತ್ರ ಕೂತ್ಕೋ."

"ಕೋಟು ಹಾಕ್ಕೊಂಡಿದೀನಲ್ಲಮ್ಮ."

"ಕೋಟು ಹಾಕ್ಕೊಂಡೋರು ಕೂತ್ಕೋಬಾರ್ದು ಅಂತ ಎಲ್ಲಾನಾ ಬರ್ದವ್ರಾ?"

ಬರೆದಿದ್ದರು. ವಕೀಲನಾದವನು ವ್ಯಾಪಾರ ಮಾಡಕೂಡದೆಂಬ ನಿಯಮವನ್ನು ಅಂಜನಮೂರ್ತಿ ಓದಿದ್ದ, ಪರೀಕ್ಷೆ ಮುಗಿದ ಸಂಜೆಯೇ ಮರೆತೂ ಇದ್ದ. ಕೂತುಕೊಂಡ.

ಮೊದಲು ಬಂದವಳು ಸಾಬಮ್ಮ, ರಾಯಚೂರಿನ ಕಡೆಯವಳು, ಹಿಂದಿನ ಬೀದಿಯಲ್ಲಿ ಮನೆ. ಒಂದು ಮೊಳ ಮಲ್ಲಿಗೆ ಕೇಳಿದಳು. ಅಂಜನಮೂರ್ತಿ ಕೋಟಿನ ತೋಳನ್ನು ಸರಿಸಿ, ಕೈ ಚಾಚಿ ಅಳೆದ. ಅಳೆಯುತ್ತಲೇ ಇದ್ದ.

"ಯವ್ವಾ! ಒಂದು ಕೇಳಿದ್ರ ಒಂದೂವರಿ ಬಂತಲ್ಲ! ಇನ್ನೆರಡು ಕೊಡ್ರಿ ತಮ್ಮಾರ!"

ಪಕ್ಕದಲ್ಲಿ ಬಳೆ ಅಂಗಡಿ ಇಟ್ಟಿದ್ದ ಜಿಯಾವುಲ್ಲಾನಿಗೆ ಇಂಥದ್ದು ಕಣ್ಣಿಗೆ ಬಿದ್ದರೆ ಸುಮ್ಮನಿರಲಾಗದು. "ಬನ್ನಿ ಅಮ್ಮಾ ಬನ್ನಿ! ವಕೀಲ್ರ ಮೊಳ! ಕರೀ ಕೋಟು, ಗ್ಯಾರಂಟಿ ಮಾಲು!" ಎಂದು ಕೂಗು ಹಾಕಿದ. ಬೆಲ್ಲ ಚೆಲ್ಲಿದಲ್ಲಿಗೆ ಇರುವೆ ಬಂದಂತೆ ಹೆಂಗಸರು ಮುತ್ತಿದರು.

ಗುಂಪಿನ ಹಿಂದೆ ಬೂದು ಬಣ್ಣದ ಸಫಾರಿ ತೊಟ್ಟ ಹಿರಿಯರೊಬ್ಬರು ಬಹಳ ಹೊತ್ತಿನಿಂದ ನಿಂತು ನೋಡುತ್ತಿದ್ದರು. ಕಂಕುಳಲ್ಲಿ ಡೈರಿ. ಮುಂದೆ ಬಂದು ಎರಡು ಮೊಳ ತೆಗೆದುಕೊಂಡು ದುಡ್ಡು ಕೊಟ್ಟರು.

"ವಕೀಲ್ರಾ?"

"ಹೌದು ಸಾರ್."

"ಸನ್ನದು ಸಿಕ್ಕಿ ಎಷ್ಟು ವರ್ಷ ಆಯ್ತು?"

"ಎರಡು ಸಾರ್."

"ಹೆಸರು?"

ಹೇಳಿದ. ಅವರು ಡೈರಿಯಲ್ಲಿ ಬರೆದುಕೊಂಡರು. "ಸಾಯಂಕಾಲ ಬರ್ತೀನಿ" ಎಂದಷ್ಟೇ ಹೇಳಿ ಹೊರಟುಹೋದರು.

ಇದನ್ನು ಕಂಡವನು ಮುನೀಂದ್ರ. ಇಪ್ಪತ್ತು ವರ್ಷ ಒಬ್ಬ ವಕೀಲರ ಬಳಿ ಗುಮಾಸ್ತನಾಗಿದ್ದು, ಈಗ ದೇವಸ್ಥಾನದ ಪಕ್ಕ ಅರ್ಜಿ ಟೈಪು ಮಾಡಿಕೊಡುತ್ತಿದ್ದವನು. ಕಾನೂನು ಅವನಿಗೆ ಮುಕ್ಕಾಲು ಗೊತ್ತಿತ್ತು. ಊರಿಗೆ ಅಪಾಯ ಬರುತ್ತಿದ್ದುದೆಲ್ಲ ಉಳಿದ ಕಾಲು ಭಾಗದಿಂದ.

"ಕೆಟ್ಟೆ ಕಣೋ ಮೂರ್ತಿ! ಅದು ಸನ್ನದು ಕೊಡೋ ಬಾರ್ ಕೌನ್ಸಿಲ್‌ನೋರು. ಆ ಸಫಾರಿ, ಆ ಡೈರಿ, ಇನ್ಯಾರಿಗಿರತ್ತೆ? ಕೋಟು ಹಾಕ್ಕೊಂಡು ವ್ಯಾಪಾರ ಮಾಡಿದೀಯ. ಪಟ್ಟಿಯಿಂದ ಹೆಸರು ಹೊಡೆದು ಹಾಕ್ತಾರೆ."

ಮರೆತ ನಿಯಮ ಅಂಜನಮೂರ್ತಿಗೆ ಅಕ್ಷರಶಃ ನೆನಪಾಯಿತು. ಕೈಯಲ್ಲಿದ್ದ ಕನಕಾಂಬರ ಜಾರಿ ಬಿತ್ತು. ಅಷ್ಟರಲ್ಲಿ ತಾವರೆ ಮೊಗ್ಗು ಹೊತ್ತು ಬಂದ ಮುನಿಗಂಗಮ್ಮ ಸುದ್ದಿ ಕೇಳಿ ಕಟ್ಟೆಯ ಮೇಲೆ ಕುಸಿದಳು.

"ಒಂದ್ ಗಂಟೆ ಕೂತಿದ್ದಕ್ಕೆ ಹೆಸರು ಹೊಡೆದಾಕ್ತಾರಾ? ಆ ಸನ್ನದಿಗೆ ದಿನಾ ಹೂವ ಮುಡಿಸ್ದೋಳು ನಾನು! ಮುನೀಂದ್ರಣ್ಣ, ಏನಾದ್ರೂ ದಾರಿ ತೋರ್ಸು."

ಮುನೀಂದ್ರ ಕಣ್ಣು ಮುಚ್ಚಿ ಧ್ಯಾನಿಸಿದ. "ಮಾರಿದ್ರೆ ತಾನೇ ವ್ಯಾಪಾರ? ಪುಕ್ಕಟೆ ಕೊಟ್ಟಿದ್ರೆ ಸೇವೆ. ತಗೊಂಡೋರೆಲ್ಲ ಹಾಗಂತ ಬರ್ಕೊಟ್ರೆ ಕೌನ್ಸಿಲ್ ಏನೂ ಮಾಡಂಗಿಲ್ಲ." ಹೇಳಿ ಟೈಪು ಯಂತ್ರದ ಮುಂದೆ ಕೂತೇಬಿಟ್ಟ. "ಈ ಕೆಳಗೆ ಸಹಿ ಮಾಡಿರುವ ನಾವು ಸ್ವಸಂತೋಷದಿಂದ ಬರೆದುಕೊಟ್ಟ ಹೇಳಿಕೆ ಏನೆಂದರೆ, ಸದರಿ ವಕೀಲರು ನಮಗೆ ಹೂವನ್ನು ಮಾರಿರುವುದಿಲ್ಲ, ಭಕ್ತಿಪೂರ್ವಕವಾಗಿ ಉಚಿತವಾಗಿ ನೀಡಿರುವುದನ್ನು ನಾವು ಕಣ್ಣಾರೆ ಕಂಡಿರುತ್ತೇವೆ..."

ಆ ಕಾಗದ ಹಿಡಿದು ಅಂಜನಮೂರ್ತಿ ಮನೆಮನೆ ತಿರುಗತೊಡಗಿದ. ಸಾಬಮ್ಮ ಹೊಸ್ತಿಲಲ್ಲೇ ನಿಲ್ಲಿಸಿದಳು.

"ಹಬ್ಬದ ದಿನ ಸುಳ್ಳಿಗೆ ಸಹಿ ಹಾಕಂದ್ರ ಹೆಂಗ್ರೀ? ರೊಕ್ಕ ಕೊಟ್ಟೀನಲ್ಲ. ರೊಕ್ಕ ವಾಪಸ್ ಕೊಡ್ರಿ, ಆಗ ಅದು ಖರೇ ಆಗ್ತದ. ಸಹಿ ಹಾಕ್ತೀನಿ."

ಧರ್ಮಸೂಕ್ಷ್ಮ ತಿಳಿದವಳು. ಅವನು ದುಡ್ಡು ಕೊಟ್ಟ. ಮುಂದಿನ ಮನೆಯ ಮೇಷ್ಟರಮ್ಮ ವಿಮಲಾಕ್ಷಿಗೂ ಅದೇ ಧರ್ಮ ತಿಳಿದಿತ್ತು. ಮಧ್ಯಾಹ್ನದ ಹೊತ್ತಿಗೆ ಹಲಸೂರಿನ ಇಡೀ ಬೀದಿ ಸತ್ಯವಂತರಿಂದ ತುಂಬಿಹೋಯಿತು. ವಕೀಲರು ಹೂವು ಪುಕ್ಕಟೆ ಹಂಚುತ್ತಿದ್ದಾರೆಂಬ ಸುದ್ದಿ ಹಬ್ಬಿ, ಬೆಳಿಗ್ಗೆ ಕೊಳ್ಳದವರೂ ಸಾಲು ನಿಂತರು. "ನನಗೂ ಎರಡು ಮೊಳ ಕೊಡಿ, ಆಮೇಲೆ ಎಲ್ಲಿ ಬೇಕಾದ್ರೂ ಸಹಿ ಹಾಕ್ತೀನಿ." ಮುನಿಗಂಗಮ್ಮ ಬುಟ್ಟಿ ತಬ್ಬಿಕೊಂಡು ನೋಡುತ್ತಲೇ ಇದ್ದಳು, ತಾವರೆ ಮೊಗ್ಗೂ ಉಳಿಯಲಿಲ್ಲ.

ಜಿಯಾವುಲ್ಲಾ ಉರ್ದುವಿನಲ್ಲಿ ಸಹಿ ಹಾಕಿ, ಎದುರು ಗ್ಯಾರೇಜಿನ ಅಸ್ಗರ್‌ನನ್ನೂ ಎಳೆದು ತಂದ. ಮೈಯೆಲ್ಲ ಆಯಿಲ್ ಮಾಡಿಕೊಂಡಿದ್ದ ಅಸ್ಗರ್ ಏನು ಎತ್ತ ಕೇಳದೆ ಹೆಸರು ಗೀಚಿದ.

"ಅವನು ಏನೂ ನೋಡಿಲ್ವಲ್ಲ ಭಾಯಿ?" ಎಂದ ಅಂಜನಮೂರ್ತಿ.

"ನೋಡಿಲ್ದೋನೇ ಒಳ್ಳೇ ಸಾಕ್ಷಿ, ವಕೀಲ್ ಸಾಬ್. ಎಷ್ಟು ಪಾಟೀಸವಾಲು ಹಾಕಿದ್ರೂ ಹೆದ್ರಲ್ಲ."

ಸಾಯಂಕಾಲ ದೇವಸ್ಥಾನದಲ್ಲಿ ದೀಪ ಹಚ್ಚುವ ಹೊತ್ತಿಗೆ ನಲವತ್ತೊಂದು ಸಹಿ ಆಗಿತ್ತು. ಸಫಾರಿಯ ಹಿರಿಯರು ಹೇಳಿದಂತೆ ಬಂದರು, ಈ ಸಲ ಕೈಯಲ್ಲಿ ದಪ್ಪನೆಯ ಚರ್ಮದ ಚೀಲ. ಅವರು ಬಾಯಿ ತೆರೆಯುವ ಮೊದಲೇ ಅಂಜನಮೂರ್ತಿ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ನೈವೇದ್ಯದಂತೆ ಚಾಚಿದ.

"ನಾನು ವ್ಯಾಪಾರ ಮಾಡಿಲ್ಲ ಸಾರ್! ಎಲ್ಲಾ ಪುಕ್ಕಟೆ! ನಲವತ್ತೊಂದು ಜನ ಸಾಕ್ಷಿ!"

ಹಿರಿಯರು ಕನ್ನಡಕ ಏರಿಸಿ ನಿಧಾನವಾಗಿ ಓದಿದರು. "ನಾನ್ಯಾರು ಅಂದ್ಕೊಂಡ್ರಿ?"

"ಬಾರ್ ಕೌನ್ಸಿಲ್..."

"ಅಯ್ಯೋ ರಾಮ! ನಾನು ದೊಡ್ಡನೆಕ್ಕುಂದಿ ಮುನಿಶಾಮಿ. ನಾಲ್ಕೆಕರೆ ಜಮೀನಿದೆ, ಅದರ ಮೇಲೆ ಒಂಬತ್ತು ಕೇಸು. ನಮ್ ಹಳೇ ವಕೀಲ್ರು ಸತ್ತೋದ ಚಿಕ್ಕಪ್ಪನ ಕೈಲೂ ಸಹಿ ಹಾಕ್ಸಿದ್ರು. ನಾನೇ ಕೌನ್ಸಿಲ್‌ಗೆ ದೂರು ಕೊಟ್ಟು, ಮೂರು ವರ್ಷ ಅಲೆದು, ಪಟ್ಟಿಯಿಂದ ಅವರ ಹೆಸರು ತೆಗೆಸ್ದೆ. ಅವತ್ತಿಂದ ಒಬ್ಬ ನಿಯತ್ತಿನ ವಕೀಲ್ರನ್ನ ಹುಡುಕ್ತಿದೀನಿ. ಬೆಳಗ್ಗೆ ಕಾರು ರಿಪೇರಿಗೆ ಬಿಟ್ಟು ನಿಂತಿದ್ನಾ, ನೀವು ಹೂವು ಅಳೆಯೋದು ಕಂಡೆ. ಒಂದೆಳೆ ಮೋಸ ಇಲ್ಲ. ಇವರೇ ಸರಿ ಅಂತ ಒಂಬತ್ತು ಫೈಲೂ ತಂದೆ."

ಅಂಜನಮೂರ್ತಿಯ ಕಣ್ಣಲ್ಲಿ ನೀರು ಬಂತು. ಒಂದಲ್ಲ, ಒಂಬತ್ತು! ಅವನು ಚೀಲಕ್ಕೆ ಕೈ ನೀಡಿದ. ಮುನಿಶಾಮಿ ಅದನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡರು.

"ಈ ಅಸ್ಗರ್ ಅಂದ್ರೆ ಗ್ಯಾರೇಜಿನೋನಲ್ವಾ? ನೀವು ಹೂವು ಕೊಟ್ಟಿದ್ದನ್ನ ಕಣ್ಣಾರೆ ಕಂಡೆ ಅಂತ ಸಹಿ ಹಾಕವ್ನೆ. ಅಷ್ಟೊತ್ತೂ ನನ್ನ ಕಾರಿನ ಕೆಳಗೆ ಮಲಗಿದ್ನಲ್ಲ ಸ್ವಾಮಿ?"

ಜಿಯಾವುಲ್ಲಾ ಬಳೆ ಒರೆಸುವುದರಲ್ಲಿ ಮಗ್ನನಾದ.

"ನಾನೂ ದುಡ್ಡು ಕೊಟ್ಟೇ ತಗೊಂಡೆ. ಪುಕ್ಕಟೆ ಅಂತಿದೆ ಇದ್ರಲ್ಲಿ. ನೋಡಿ, ಮೂರು ವರ್ಷ ಆ ಆಫೀಸಿನ ಬೆಂಚ್ ಸವೆಸಿ ನಾನೂ ಅರ್ಧ ವಕೀಲ ಆಗಿದೀನಿ. ಹೆತ್ತ ತಾಯಿಗೆ ಒಂದು ಗಂಟೆ ಆಸರೆ ಆದೋನನ್ನ ಯಾರೂ ಏನೂ ಮಾಡ್ತಿರ್ಲಿಲ್ಲ. ಆದ್ರೆ ಸುಳ್ಳು ಸಾಕ್ಷಿ ಸೃಷ್ಟಿ ಮಾಡಿದೋರನ್ನ ಬಿಡಲ್ಲ." ಕಾಗದವನ್ನು ಮಡಿಸಿ ಡೈರಿಯೊಳಗಿಟ್ಟುಕೊಂಡರು.

"ಸಾರ್, ಅದು... ವಾಪಸ್ ಕೊಡಿ ಸಾರ್..."

"ನನಗಂತಲೇ ಮಾಡ್ಸಿದ್ರಲ್ಲಪ್ಪ? ಹೋದ ಸಲ ದೂರು ಕೊಟ್ಟಾಗ ಒಬ್ಬ ಸಾಕ್ಷೀನ ಹುಡುಕೋಕೆ ಎರಡು ವರ್ಷ ಆಯ್ತು. ನೀವು ಒಂದೇ ದಿನಕ್ಕೆ ನಲವತ್ತೊಂದು ಜನಾನ ಒದಗಿಸಿದೀರ. ದೇವರು ಒಳ್ಳೇದು ಮಾಡ್ಲಿ." ಗೋಪುರಕ್ಕೆ ಕೈಮುಗಿದು, ಚೀಲ ಎತ್ತಿಕೊಂಡು ನಡೆದೇಬಿಟ್ಟರು.

ಮಂಗಳಾರತಿಯ ಗಂಟೆ ಮೊಳಗಿತು. ಮುನೀಂದ್ರ ಬುಟ್ಟಿಯ ಪಕ್ಕಕ್ಕೆ ಸರಿದು ಗಂಟಲು ಸರಿಮಾಡಿಕೊಂಡ.

"ಮೂರ್ತಿ, ಎದೆಗುಂದಬೇಡ. ಒಂದು ದಾರಿ ಹೊಳೀತು. ಆ ಕಾಗದದ ಮೇಲಿರೋ ಸಹಿ ನಮ್ಮದಲ್ಲವೇ ಅಲ್ಲ ಅಂತ ಅದೇ ನಲವತ್ತೊಂದು ಜನ ಇನ್ನೊಂದು ಕಾಗದಕ್ಕೆ ಸಹಿ ಹಾಕ್ಬಿಟ್ರೆ..."

ಅಂಜನಮೂರ್ತಿ ಗೋಪುರದ ಕಡೆ ನೋಡಿದ. ಸೋಮೇಶ್ವರ ಎಲ್ಲವನ್ನೂ ನೋಡುತ್ತಾನೆ, ನೋಡಿ ಸುಮ್ಮನಿರುತ್ತಾನೆ. ನಿಟ್ಟುಸಿರು ಬಿಟ್ಟು, ಕೋಟಿನ ಜೇಬಿನಿಂದ ಪೆನ್ನು ತೆಗೆದ.

"ಹೇಳಿ ಮುನೀಂದ್ರಣ್ಣ. ಏನಂತ ಬರೀಲಿ?"