ಹೆಸರು ಹಿಡಿದು ಕರೆಯುವ ಪರೀಕ್ಷೆ

ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂಬ ಮಾತನ್ನು ಹಳಿಯಾಳದ ನೀಲಕ್ಕ ನಂಬುತ್ತಿರಲಿಲ್ಲ. ಎಂ.ಎ., ಬಿ.ಎಡ್. ಮಾಡಿ ಇಪ್ಪತ್ತೈದು ವರ್ಷ ಪಾಠ ಹೇಳಿದ ಹೆಂಗಸು. ಮೂಢನಂಬಿಕೆಯ ವಿರುದ್ಧ ಮಹಿಳಾ ಮಂಡಳದಲ್ಲಿ ಎರಡು ಸಲ ಭಾಷಣ ಬೇರೆ ಮಾಡಿದ್ದಳು. ಆದರೂ ಮದುವೆಯ ದಿನ ಗಂಡನ ಹೆಸರನ್ನು ಪದ್ಯದಲ್ಲಿ ಸೇರಿಸಿ, ಒಡಪು ಕಟ್ಟಿ ಹೇಳಿದ್ದೇ ಮೊದಲು, ಅದೇ ಕೊನೆ. (ನಂಬಿಕೆ ಇರಲಿಲ್ಲ, ನಿಜ. ಆದರೆ ಇದ್ದವನು ಒಬ್ಬನೇ ಗಂಡ. ಪ್ರಯೋಗ ಮಾಡಿ ನೋಡಲು ಇನ್ನೊಬ್ಬ ಬೇಕಲ್ಲ!)

ಐವತ್ತೊಂದನೆಯ ವಯಸ್ಸಿನಲ್ಲಿ ಅವಳು ಮತ್ತೆ ಪರೀಕ್ಷೆಗೆ ಕೂತದ್ದು ನೆರೆಮನೆಯ ತುಳಜಾಳ ಮಗಳು ರೀನಾಳಿಗಾಗಿ. ಆರು ವರ್ಷದ ರೀನಾಳಿಗೆ ಆಟಿಸಂ. ಅಂಥ ಮಕ್ಕಳಿಗೆ ವರ್ತನಾ ಚಿಕಿತ್ಸೆ ಕೊಡಬಲ್ಲವರು ಊರಲ್ಲಿ ಯಾರೂ ಇರಲಿಲ್ಲ. ಬಸ್ಸಿನ ಸದ್ದಿಗೆ ಕಿವಿ ಮುಚ್ಚಿ ಚೀರುವ ಹುಡುಗಿಯನ್ನು ತುಳಜಾ ವಾರಕ್ಕೆರಡು ಸಲ, ಕೂಲಿ ಬಿಟ್ಟು, ಧಾರವಾಡಕ್ಕೆ ಕರೆದೊಯ್ಯುತ್ತಿದ್ದಳು. ಆ ಚಿಕಿತ್ಸೆಯ ಪ್ರಮಾಣಪತ್ರ ಇದ್ದವರು ಸಿಕ್ಕರೆ ಜೂನ್‌ನಿಂದ ಒಂದು ಕೋಣೆ ಬಿಟ್ಟುಕೊಡಲು ಊರಿನ ಶಾಲೆಯವರು ಒಪ್ಪಿದ್ದರು. ಸಿಗದಿದ್ದರೆ ಕೋಣೆ ಬಿಸಿಯೂಟದ ಅಕ್ಕಿ ಚೀಲಕ್ಕೆ.

ಪ್ರಮಾಣಪತ್ರದ ಬರೆಯುವ ಪರೀಕ್ಷೆ ಪಾಸಾಗಿತ್ತು. ಉಳಿದದ್ದು ಪ್ರಾಯೋಗಿಕ. ಗುರುತಿಲ್ಲದ ಮಗುವನ್ನು ಹೆಸರು ಹಿಡಿದು ಕರೆಯಬೇಕು. ಐದು ಸೆಕೆಂಡಿನೊಳಗೆ ತಿರುಗಿ ನೋಡಿದರೆ ಕೂಡಲೇ ಬಹುಮಾನ ಕೊಡಬೇಕು. ಇಷ್ಟೇ. ಈ ಇಷ್ಟಕ್ಕೇ ನೀಲಕ್ಕನ ನಿದ್ದೆ ಹಾರಿತು. ಸಾರಿಗೆ ಎರಡು ಸಲ ಉಪ್ಪು ಬಿತ್ತು. ರೊಟ್ಟಿ ಬಡಿಯುವಾಗಲೂ ‘ಪ್ರಚೋದನೆ, ವರ್ತನೆ, ಪರಿಣಾಮ’ ಎಂಬ ತ್ರಿಪದಿ ಮಂತ್ರದ ಪಠಣ. ಕೊನೆಗೆ ಗಂಡನನ್ನೇ ಚಾಪೆಯ ಮೇಲೆ ಕೂರಿಸಿ, ಶೇಂಗಾ ಚಿಕ್ಕಿಯ ಡಬ್ಬಿ ಹಿಡಿದು ತಾಲೀಮು ಶುರುಮಾಡಿದಳು.

“ಏನ್ರಿ.”

ಅವನು ಪೇಪರಿನಿಂದ ತಲೆ ಎತ್ತಲಿಲ್ಲ.

“ಏನ್ರೀ! ಈ ಕಡೆ ನೋಡ್ರಿ. ಐದು ಸೆಕೆಂಡ್ ಆತು.”

“ಹೆಸರು ಹಿಡದು ಕರೀಬೇಕು ಅಂತ ನಿನ್ನ ಪುಸ್ತಕದಾಗs ಬರದೈತಿ. ‘ಏನ್ರಿ’ ನನ್ನ ಹೆಸರೇನ?”

“ಪರೀಕ್ಷಾದಾಗ ನಿಮ್ಮನ್ನ ಕುಂಡ್ರಸೂದಿಲ್ಲ. ಸುಮ್ನ ಚಿಕ್ಕಿ ತಿನ್ರಿ.”

ಪರೀಕ್ಷೆ ದಾಂಡೇಲಿಯಲ್ಲಿ. ಗಂಡನೂ ಜೊತೆಗೆ ಬಂದು ವರಾಂಡದ ಬೆಂಚಿನ ಮೇಲೆ ಕೂತ. ಒಳಗೆ ಏಳೆಂಟು ವರ್ಷದ ಹುಡುಗನೊಬ್ಬ ನೆಲದ ಮೇಲೆ ಮರದ ಮಣಿಗಳನ್ನು ಸಾಲಾಗಿ ಇಡುತ್ತಿದ್ದ. ಪರೀಕ್ಷಕಿ ಗಿರಿಜಾಬಾಯಿ ಒಂದು ಚೀಟಿ ಕೊಟ್ಟರು. ಮಗುವಿನ ಹೆಸರು: ರುದ್ರೇಶ.

ನೀಲಕ್ಕ ಚೀಟಿಯನ್ನು ತಿರುವಿ ನೋಡಿದಳು. ಹಿಂದೆ ಬೇರೆ ಹೆಸರೇನೂ ಇರಲಿಲ್ಲ.

“ಮೇಡಂ, ಬ್ಯಾರೆ ಹುಡುಗರು ಯಾರೂ ಇಲ್ಲೇನ್ರಿ?”

“ಯಾಕ? ಈ ಹುಡುಗಗ ಏನಾಗೇತಿ?”

“ಹುಡುಗ ಛಲೋ ಅದಾನ್ರಿ. ಮನ್ಯಾಗ ಇವಗ ಚಿನ್ನೂ, ಪುಟ್ಟೂ, ಏನರೆ ಅಂತಾರೇನ್ರಿ?”

“ಇಲ್ಲ. ಶುರು ಮಾಡ್ರಿ. ಮೂರು ನಿಮಿಷ.”

“ತಮ್ಮಾ,” ಎಂದಳು ನೀಲಕ್ಕ. ಹುಡುಗ ಮಣಿ ಇಟ್ಟ. “ಅಪ್ಪೀ.” ಇನ್ನೊಂದು ಮಣಿ. “ಬಂಗಾರಾ, ಇಲ್ನೋಡು ರಾಜಾ.” ಮತ್ತೊಂದು.

“ನೀಲಕ್ಕಾರ, ಅವ್ಯಾವೂ ಅವನ ಹೆಸರಲ್ಲ. ಇನ್ನ ಅರ್ಧ ನಿಮಿಷ ಉಳದೈತಿ.”

ನೀಲಕ್ಕನ ಕಣ್ಣ ಮುಂದೆ ರೀನಾ ಬಸ್ಸಿನಲ್ಲಿ ಕಿವಿ ಮುಚ್ಚಿಕೊಂಡು ಕೂತಿದ್ದಳು. ಕೋಣೆಯ ತುಂಬ ಅಕ್ಕಿ ಚೀಲ ಇಳಿಯುತ್ತಿದ್ದವು. ಅವಳು ಕಣ್ಣು ಮುಚ್ಚಿ, ಮೂವತ್ತು ವರ್ಷದ ಉಸಿರನ್ನೆಲ್ಲ ಒಟ್ಟುಗೂಡಿಸಿ ಕೂಗಿದಳು: “ರುದ್ರೇಶಾ!”

ಹುಡುಗ ತಿರುಗಲಿಲ್ಲ. ಬಾಗಿಲು ತೆರೆಯಿತು. “ಓ! ಓ! ಏನಾತು?” ಎನ್ನುತ್ತ ಗಂಡ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಓಡಿ ಬಂದ. “ಹೆಸರು ಹೇಳಿದಿ ಅಂದ್ರ ಯಾರರೆ ಸತ್ತರೇನ ಅನ್ಕೊಂಡೆ!”

ಗದ್ದಲಕ್ಕೆ ಬೆದರಿದ ಹುಡುಗ ಮೇಜಿನ ಕೆಳಗೆ ಹೊಕ್ಕ. ನೀಲಕ್ಕ ಗಂಡನನ್ನು ಕಣ್ಣಿನಲ್ಲೇ ಹೊರಗಟ್ಟಿ, ನೆಲಕ್ಕೆ ಕೂತಳು. ಹುಡುಗನ ಸಾಲು ನಿಂತಲ್ಲಿಂದ ಒಂದೊಂದೇ ಮಣಿ ಇಡುತ್ತ ಹೋದಳು. ಬೇಕೆಂದೇ ಒಂದನ್ನು ಸೊಟ್ಟಗಿಟ್ಟಳು. ಮೇಜಿನ ಕೆಳಗಿಂದ ಸಣ್ಣ ಕೈ ಬಂದು ಅದನ್ನು ನೆಟ್ಟಗೆ ಮಾಡಿತು. ಹಿಂದೆಯೇ ಹುಡುಗನೂ ಬಂದ.

ಗಿರಿಜಾಬಾಯಿ ಬಹಳ ಹೊತ್ತು ಏನೋ ಬರೆದರು. “ಮಕ್ಕಳ ಕೂಡ ಕುಂಡ್ರೂದು ನಿಮಗ ಬರ್ತೈತಿ. ಹೆಸರು ಹಿಡದು ಕರಿಯೂದು ಬರಂಗಿಲ್ಲ. ನಾಳೆ ನಿಮ್ಮ ಊರಾಗ ಎಷ್ಟು ರುದ್ರೇಶ ಬರ್ತಾರೋ ಯಾರಿಗೆ ಗೊತ್ತು?” ಎನ್ನುತ್ತ ಒಂದು ಪಟ್ಟಿ ಕೈಗಿತ್ತರು. “ಒಂದು ವಾರ. ಇದs ಹೆಸರು ಐವತ್ತು ಸಲ. ಕರಿಸಿಕೊಂಡವರ ಸಹಿ ಹಾಕಿಸಿ ಕಳಸ್ರಿ. ಆಮ್ಯಾಲ ಪಾಸು.”

“ಯಾರನ್ನ ಕರೀಲ್ರಿ?”

ಗಿರಿಜಾಬಾಯಿ ವರಾಂಡದ ಕಡೆ ನೋಡಿದರು, ಅಷ್ಟೆ.

ಆ ವಾರ ಗಂಡ ರುದ್ರೇಶ ಮನೆಯೊಳಗೆ ಕೂರಲೇ ಇಲ್ಲ. ಓಣಿಗೆಲ್ಲ ಕೇಳುವಂತೆ ಹೊರಗಿನ ಕಟ್ಟೆಯ ಮೇಲೆ, ಇಸ್ತ್ರಿ ಅಂಗಿ ಹಾಕಿಕೊಂಡು, ಬೆನ್ನು ತಿರುಗಿಸಿ ಕೂತ. ನೀಲಕ್ಕ ಹೊಸ್ತಿಲಲ್ಲಿ ಗಡಿಯಾರ ಹಿಡಿದು ನಿಂತು, ಹಲ್ಲು ಕಚ್ಚಿ ಕರೆದಳು. ಅವನು ಒಮ್ಮೆ ಎರಡು ಸೆಕೆಂಡಿಗೆ ತಿರುಗುವನು, ಒಮ್ಮೆ “ಸರಿ ಕೇಳಲಿಲ್ಲ, ಹೊಳ್ಳಿ ಅನ್ನು,” ಎನ್ನುವನು. ನಿಯಮವೆಂದರೆ ನಿಯಮ; ಅವಳು ಹೊಳ್ಳಿ ಅನ್ನುವಳು.

ಏಳನೆಯ ದಿನ ಸಹಿ ಬಿತ್ತು. ಧಾರವಾಡಕ್ಕೆ ಹೊರಟಿದ್ದ ತುಳಜಾ, ಪಟ್ಟಿಯನ್ನು ಅಂಚೆಗೆ ಹಾಕಲೆಂದು ಇಸಿದುಕೊಂಡಳು.

“ಅಕ್ಕಾರ, ಇದರಾಗ ಐವತ್ತು ಅಂತ ಬರದೀರಿ?”

“ಹೌದು. ಯಾಕ?”

“ಎಪ್ಪತ್ಮೂರು ಆಗ್ಯಾವ್ರಿ. ನಾ ಗ್ವಾಡಿ ಆಚೆ ಕುಂತ ಎಣಿಸೇನಿ. ಅಣ್ಣಾರು ನಮ್ಮ ಓಣಿಗೆ ಯಾರರೆ ಬಂದ್ರ ಸಾಕು, ‘ಕೇಳಲಿಲ್ಲ’ ಅಂತಿದ್ರು.”

ನೀಲಕ್ಕ ಸರ್ರನೆ ಕಟ್ಟೆಯ ಕಡೆ ತಿರುಗಿದಳು. ಬಯ್ಯಲು ನಾಲ್ಕು ಶುದ್ಧ ಗ್ರಾಂಥಿಕ ಶಬ್ದಗಳು ನಾಲಿಗೆಯ ತುದಿಗೆ ಬಂದಿದ್ದವು. ಬಾಯಿ ತೆರೆದಾಗ ಹೊರಬಿದ್ದದ್ದು, “ರುದ್ರೇಶಾ!”

“ಓ,” ಎಂದ ಅವನು, ತುಂಬ ನಯವಾಗಿ. ಒಂದು ಸೆಕೆಂಡೂ ಆಗಿರಲಿಲ್ಲ.