ಕೆರೆಗೆ ಬರೆದುಕೊಟ್ಟ ಪೂರ್ತಿ ಕೋರ್ಸ್

ಕೆ.ಆರ್. ಪುರದ ಪಕ್ಕದ ತೊಗರಿಕುಂಟೆ ಕೆರೆಯಲ್ಲಿ ಸ್ವಲ್ಪ ನೀರೂ ಇದೆಯೆಂದು ನೀರಿಗೆ ಸೇರಿದ ಔಷಧವನ್ನು ತೆಗೆಯಲೆಂದೇ ಇರುವ ಜಲೌಷಧ ನಿರ್ಮೂಲನಾ ಪ್ರಾಧಿಕಾರವು ದೃಢಪಡಿಸಿದೆ. ಉಳಿದದ್ದು ಔಷಧ ಕಾರ್ಖಾನೆಯ ಪೈಪಿನಿಂದ ಬೀಳುವ ಆ್ಯಂಟಿಬಯಾಟಿಕ್.

ಕೆರೆಯಂಚಿನಲ್ಲಿ ಸೊಪ್ಪು ಬೆಳೆಯುವ ದೊಡ್ಡಮುನಿಯಮ್ಮನ ಕಾಲಿಗೆ ಕುಡುಗೋಲು ತಾಗಿ ಆದ ಗಾಯ ಎಷ್ಟು ದಿನವಾದರೂ ಮಾಯಲಿಲ್ಲ. ಶಿವಾಜಿನಗರದ ತೂಬಾ ಎಂಬ ಡಾಕ್ಟರಮ್ಮ ಗಾಯದ ಕೀವನ್ನು ಪರೀಕ್ಷೆ ಮಾಡಿಸಿದರು.

"ಆ ಕ್ರಿಮಿಗಳಿಗೆ ಔಷಧ ಅಭ್ಯಾಸ ಆಗ್ಬಿಟ್ಟಿದೆ ಅಮ್ಮಾ, ನನ್ನ ಮಾತ್ರೆಗೆ ಜಗ್ತಿಲ್ಲ. ದಿನಾ ಅದೇ ನೀರಲ್ಲಿ ನಿಂತ್ರೆ ಕಾಲು ಉಳಿಯಲ್ಲ."

"ಸೊಪ್ಪು ಬಿಟ್ಟು ಏನ್ ತಿನ್ಲವ್ವಾ?"

"ಹಾಗಾದ್ರೆ ಪೈಪ್ ಬಂದ್ ಮಾಡ್ಸಿ."

ಮಗ ಮುನೀಂದ್ರ ಹಲಸೂರಿನ ಪ್ರಾಧಿಕಾರದ ಕಚೇರಿಗೆ ಓಡಿದ. ನಿರ್ದೇಶಕ ರಾಮಣ್ಣನವರು ಅವನನ್ನು ಕೂರಿಸಿ, ಕಾಫಿ ತರಿಸಿ, ತಾವೇ ಕುಡಿದರು.

"ಆ್ಯಂಟಿಬಯಾಟಿಕ್ ಅರ್ಧಕ್ಕೆ ನಿಲ್ಲಿಸ್ಬಾರ್ದು ಅಂತ ಯಾವ ಮೆಡಿಕಲ್ ಶಾಪಲ್ಲಿ ಕೇಳಿದ್ರೂ ಹೇಳ್ತಾರೆ ಕಣ್ರೀ. ಕೆರೆ ಕೋರ್ಸ್ ಕಂಪ್ಲೀಟ್ ಮಾಡ್ಲಿ."

"ಕೆರೆಗೇನ್ ಕಾಯಿಲೆ ಸಾರ್?"

"ಅದನ್ನ ಕೋರ್ಸ್ ಮುಗಿದ್ಮೇಲೆ ಟೆಸ್ಟ್ ಮಾಡ್ತೀವಿ."

ಮರುದಿನವೇ ಪ್ರಕಟಣೆ ಹೊರಬಿತ್ತು: "ಸದರಿ ಕೆರೆಯನ್ನು ಚಿಕಿತ್ಸೆಯಲ್ಲಿರುವ ರೋಗಿಯೆಂದು ಪರಿಗಣಿಸಲಾಗಿದೆ. ಔಷಧವನ್ನು ಊಟಕ್ಕೆ ಮುಂಚೆಯೂ ಊಟದ ನಂತರವೂ ಬಿಡತಕ್ಕದ್ದು. ಚಿಕಿತ್ಸೆಗೆ ಅಡ್ಡಿಪಡಿಸುವವರ ಮೇಲೆ ಕ್ರಮ ಜರುಗಿಸಲಾಗುವುದು." ಕಾರ್ಖಾನೆಯವರು ಅತ್ಯಂತ ವಿನಯದಿಂದ ಇನ್ನೊಂದು ಪೈಪ್ ಹಾಕಿದರು. ಇಂದಿರಾನಗರದ ಪರಿಸರಪ್ರೇಮಿಗಳು ಕಾರುಗಳಲ್ಲಿ ಬಂದು, ದಡದಲ್ಲಿ ಕ್ಯಾಂಡಲ್ ಹಚ್ಚಿ, ಕೆರೆ ಬೇಗ ಗುಣವಾಗಲೆಂದು ಹಾರೈಸಿ, ಫೋಟೊ ತೆಗೆಸಿಕೊಂಡು ಹೋದರು. ಇಷ್ಟು ಮಂದಿ ಓದಿದವರಲ್ಲಿ ಒಬ್ಬರಿಗೂ ನಾಚಿಕೆಯಾಗಲಿಲ್ಲವೆಂಬುದನ್ನು ಇಲ್ಲಿ ದಾಖಲಿಸಬೇಕಾಗಿದೆ.

ದೊಡ್ಡಮುನಿಯಮ್ಮನ ಕಾಲನ್ನು ಮೊಣಕಾಲಿನ ಕೆಳಗೆ ತೆಗೆದರು.

ಸುದ್ದಿ ಕೇಳಿ ರಾಮಣ್ಣನವರಿಗೆ ಹೇಳತೀರದ ಸಂತೋಷವಾಯಿತು. ಯಾವ ಔಷಧಕ್ಕೂ ಬಗ್ಗದ ಕ್ರಿಮಿಗಳು ಕಾಲಿನ ಸಮೇತ ಪರಿಸರದಿಂದ ಹೊರಹೋಗಿದ್ದವು. ಪ್ರಾಧಿಕಾರ ಹುಟ್ಟಿದಂದಿನಿಂದ ಅದರ ಕೈಯಲ್ಲಿ ಏನಾದರೂ ನಿರ್ಮೂಲನೆಯಾದದ್ದು ಇದೇ ಮೊದಲು. ಆದ್ದರಿಂದ ಆಕೆಯನ್ನು ಗಾಲಿಕುರ್ಚಿಯಲ್ಲಿ ಕಚೇರಿಯ ಸಭಾಂಗಣಕ್ಕೆ ತಂದು, ಶಾಲು ಹೊದಿಸಿ, ತಲೆಗೆ ಮೈಸೂರು ಪೇಟ ತೊಡಿಸಿದರು. ಪೇಟ ಸ್ವಲ್ಪ ದೊಡ್ಡದಾಗಿ ಕಣ್ಣಿನ ಮೇಲೆ ಜಾರುತ್ತಿತ್ತು.

"ಎರಡು ಮಾತಾಡಿ ಅಮ್ಮಾ," ಎಂದು ರಾಮಣ್ಣನವರು ಮೈಕ್ ಹಿಡಿದರು.

"ಏನ್ ಮಾತಾಡ್ಲಪ್ಪಾ? ಇನ್ನೊಂದು ಕಾಲೈತೆ. ಬೇಕಾದ್ರೆ ಅದನ್ನೂ ತಕ್ಕಳಿ," ಎಂದಳು ದೊಡ್ಡಮುನಿಯಮ್ಮ.

ಅದನ್ನು ಮುಂದಿನ ವರ್ಷದ ಗುರಿಯೆಂದು ವೇದಿಕೆಯಲ್ಲೇ ಘೋಷಿಸಲಾಯಿತು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಎಲ್ಲರೂ ತಟ್ಟುತ್ತಿದ್ದರಲ್ಲ, ಮುನೀಂದ್ರನೂ ತಟ್ಟಿದ.