ಮೂರು ಸಲ ಎಂಬತ್ತೆಂಟು

ಮರೆಯುವುದಕ್ಕೆ ನನಗೀಗ ಡಾಕ್ಟರರ ಪರವಾನಗಿಯೇ ಇದೆ. ಮೊದಲು ಹಾಲು ಉಕ್ಕಿಸಿದರೆ ಬೈಗುಳ, ನಾಲ್ಕು ಕೀಮೋ ಆದ ಮೇಲೆ ಅದೇ ಹಾಲಿಗೆ "ಪಾಪ!" ಇದಕ್ಕೆ ಕೀಮೋ ಬ್ರೇನ್ ಅನ್ನುತ್ತಾರಂತೆ, ನಿಧಾನವಾಗಿ ಸರಿಹೋಗುತ್ತದಂತೆ. ಅಲ್ಲಿಯವರೆಗೆ, ಸೌಟು ಎಂಬ ಪದ ಸಿಗದೆ "ಆ ಉದ್ದನೇದು ಕೊಡೀಂದ್ರೆ" ಎಂದರೆ, ನೇವಿಯಿಂದ ರಿಟೈರ್ ಆದ ನನ್ನ ಯಜಮಾನರು ಛತ್ರಿಯಿಂದ ಏಣಿಯವರೆಗೆ ಎಲ್ಲವನ್ನೂ ತಂದು ಅಟೆನ್ಷನ್‌ನಲ್ಲಿ ನಿಲ್ಲುತ್ತಾರೆ.

ಈ ಸುಖದ ನಡುವೆಯೂ ನಾನು ಬಿಟ್ಟುಕೊಡದ ಆಸ್ತಿ ಒಂದಿತ್ತು. ವಿಶಾಖಪಟ್ಟಣದ ನಮ್ಮ ಲೇಡೀಸ್ ಕ್ಲಬ್ಬಿನಲ್ಲಿ ತಂಬೋಲಾ ಆಟದ ನಂಬರು ಕರೆಯುವ ಕುರ್ಚಿ. ಕಾನ್ವೆಂಟಿನ ಸಿಸ್ಟರುಗಳು ತಿದ್ದಿದ ಇಂಗ್ಲಿಷ್ ಉಚ್ಚಾರಣೆಗೆ ಈ ಊರಿನಲ್ಲಿ ಉಳಿದಿದ್ದ ಉಪಯೋಗ ಅದೊಂದೇ. ಈ ಸಲ ತಲೆಗೆ ಸ್ಕಾರ್ಫ್ ಸುತ್ತಿಕೊಂಡು ಹೋದರೆ, ವಿಜಯವಾಡದ ಹೊಸ ಹುಡುಗಿ ಸ್ವಪ್ನಾ ಆಗಲೇ ನಂಬರಿನ ಚೀಲ ಹಿಡಿದು ನಿಂತಿದ್ದಾಳೆ. "ಆಂಟೀ, ಮೀರು ರೆಸ್ಟ್ ತೀಸುಕೋಂಡಿ, ಪ್ಲೀಸ್." "ಮನೆಯಲ್ಲಿ ಅದೇ ಮಾಡ್ತಿರೋದು, ಡಿಯರ್" ಎಂದು ಚೀಲ ಕಿತ್ತುಕೊಂಡೆ.

ಹತ್ತು ನಂಬರು ಸಲೀಸಾಗಿ ಹೋದವು. ಆಮೇಲೆ "ಟೂ ಫ್ಯಾಟ್ ಲೇಡೀಸ್, ಎಯ್ಟಿ ಎಯ್ಟ್" ಎಂದೆ; ದುಂಡಗೆ ಪಕ್ಕಪಕ್ಕ ಕೂತ ಎರಡು ಎಂಟಕ್ಕೆ ತಂಬೋಲಾದಲ್ಲಿ ಅದೇ ಅಡ್ಡಹೆಸರು. ಕರೆದ ಬಿಲ್ಲೆಯನ್ನು ಬೋರ್ಡಿನ ಮೇಲಿಡಬೇಕು. ಇಡದೆ, ಕೈಯಲ್ಲಿದ್ದ ಅದನ್ನೇ ಹೊಸದೆಂಬಂತೆ ನೋಡಿ ಮತ್ತೆ ಕರೆದೆ. ಮೂವತ್ತು ಹೆಂಗಸರು ತಲೆ ತಗ್ಗಿಸಿ, ಚೀಟಿಯಲ್ಲಿ ಹೊಡೆದ ನಂಬರನ್ನೇ ಇನ್ನೊಮ್ಮೆ ಹೊಡೆದರು. ಸ್ವಪ್ನಾಳ ಕಣ್ಣಲ್ಲಿ ನೀರು. ಆ ಕರುಣೆ ನೋಡಿ ನನಗೆ ಮೈಯೆಲ್ಲ ಉರಿಯಿತು. ಮೂರನೆಯ ಸಲವೂ ಗಂಭೀರವಾಗಿ ಕರೆದೆ: "ಟೂ ಫ್ಯಾಟ್ ಲೇಡೀಸ್!"

ಹಿಂದಿನ ಸಾಲಿನಿಂದ ಧಾರವಾಡದ ಶಕುಂತಲಾ, ಬ್ಯಾಂಕ್ ಆಫೀಸರರ ಹೆಂಡತಿ, ಎದ್ದಳು. "ಏನವಾ, ಎರಡ ಮಂದಿ ದಪ್ಪನ ಹೆಂಗಸರು ಅಂದಿ, ಈಗ ಆರ ಮಂದಿ ಆದ್ರಲ್ಲ! ಎಲ್ಲೆ ಕೂಡ್ಸೂಣು ಇವರನ್ನ? ಬಿಲ್ಲಿ ಕೆಳಗ ಇಡಽ ಮೊದಲ!"

ಹಾಲ್ ಬೆಚ್ಚಿತು. ನಾನು ನಕ್ಕೆ, ಆಮೇಲೆ ಎಲ್ಲರೂ. ಶಕುಂತಲಾ ಕುರ್ಚಿ ಎಳೆದುಕೊಂಡು ಬಂದು ಪಕ್ಕದಲ್ಲೇ ಕೂತಳು. ನಾನು ಕರೆಯುವುದು, ಅವಳು ಕಿತ್ತುಕೊಂಡು ಬೋರ್ಡಿನ ಮೇಲಿಡುವುದು. ಆಟ ಮುಗಿಯಿತು, ಕುರ್ಚಿ ಉಳಿಯಿತು.

ಎರಡನೆಯ ಸಲದ್ದು ಮರೆವು, ಮೂರನೆಯದು ನನ್ನ ತುಂಟತನ ಎಂದು ಆಮೇಲೆ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೇನೆ. ಎಲ್ಲರೂ ನಂಬಿದ್ದಾರೆ. ಶಕುಂತಲಾ ಮಾತ್ರ "ಖರೇನ?" ಎಂದು ಕೇಳಿದಳು. ಖರೇನೇ ಎಂದೆ. ಅಷ್ಟು ಸಲ ಹೇಳಿದ ಮೇಲೆ ನನಗೂ ಹೆಚ್ಚುಕಡಿಮೆ ನಂಬಿಕೆ ಬಂದಿದೆ.